ಹನ್ನೆರಡು ಲಕ್ಷದ ಆಚೆಗಿನ ಹತ್ತು ಸಾವಿರ

ಜುಲೈ ತಿಂಗಳಲ್ಲಿ ಮಂಗಳೂರಿನ ನನ್ನ ಆಫೀಸಿಗೆ ಬಂದರೆ ಮೊದಲು ಕಾಣುವುದು ಬಾಗಿಲ ಬಳಿ ನೀರು ಸೋರುತ್ತಾ ನಿಂತ ಕೊಡೆಗಳು. ಕೊಡಿಯಾಲ್‌ಬೈಲಿನ ಹಳೇ ಕಟ್ಟಡದಲ್ಲಿ ಒಂದು ಕೋಣೆ, ಎರಡು ಕಂಪ್ಯೂಟರು, ಆಗಾಗ ಮುನಿಸಿಕೊಳ್ಳುವ ಒಂದು ಪ್ರಿಂಟರು. ಜನರ ಆದಾಯ ತೆರಿಗೆ ರಿಟರ್ನ್ ತುಂಬಿಕೊಡುವುದು ನನ್ನ ಕಸುಬು.

ಆವತ್ತು ಎದುರು ಕೂತಿದ್ದವರು ಒಬ್ಬ ಕಾಲೇಜು ಟೀಚರ್. ಸಂಬಳ ವರ್ಷಕ್ಕೆ 12.75 ಲಕ್ಷ. ಸಂಬಳದವರಿಗೆ ಸಿಗುವ 75 ಸಾವಿರದ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ಸರಿಯಾಗಿ 12 ಲಕ್ಷ. (ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ.) ಆದಾಯ ತೆರಿಗೆಗೆ ಹಳೇ ಪದ್ಧತಿ, ಹೊಸ ಪದ್ಧತಿ ಅಂತ ಎರಡು ಲೆಕ್ಕ ಇವೆ; ಹೊಸದಕ್ಕೆ 2025ರ ಬಜೆಟ್ ತಂದ ದರಗಳಲ್ಲಿ 12 ಲಕ್ಷದವರೆಗೆ ತೆರಿಗೆ ಸೊನ್ನೆ. ಅವರೂ ಸೊನ್ನೆ ಅಂದುಕೊಂಡೇ ಬಂದಿದ್ದರು. ಆದರೆ ಬ್ಯಾಂಕಿನ ಪಾಸ್‌ಬುಕ್‌ನಲ್ಲಿ ಇನ್ನೊಂದು ಹತ್ತು ಸಾವಿರ ಇತ್ತು. ಪರೀಕ್ಷೆಯ ಪೇಪರ್ ವ್ಯಾಲ್ಯುವೇಷನ್ ಮಾಡಿದ್ದಕ್ಕೆ ಬಂದ ದುಡ್ಡು.

ಆ ಹತ್ತು ಸಾವಿರ ಸೇರಿಸಿ ಎಂಟರ್ ಒತ್ತಿದೆ. ತೆರಿಗೆ 10,400 ರೂಪಾಯಿ ಅಂತ ಬಂತು.

ಟೀಚರ್ ಕನ್ನಡಕ ಸರಿಮಾಡಿಕೊಂಡು ಎರಡು ಸಲ ನೋಡಿದರು. "ಹತ್ತು ಸಾವಿರ ಸಿಕ್ಕಿದ್ದಕ್ಕೆ ಹತ್ತು ಸಾವಿರದ ನಾನೂರಾ? ಅಂದ್ರೆ ಅಷ್ಟು ದಿನ ಕೂತು ಪೇಪರ್ ತಿದ್ದಿದ್ದು ಪುಕ್ಕಟೆ. ಮೇಲೆ ನಾನೂರು ರೂಪಾಯಿ ದಕ್ಷಿಣೆ. ಇದೆಂತ ನ್ಯಾಯ ಸರ್?"

ಅವರ ಹಿಂದಿನ ಬೆಂಚಿನಲ್ಲಿ ವಿಟ್ಲ ಕಡೆಯ ಒಬ್ಬ ಅಡಿಕೆ ಬೆಳೆಗಾರರು ಕಾಯುತ್ತಿದ್ದರು. ಖರ್ಚೆಲ್ಲ ಕಳೆದು ತೋಟದಿಂದ ಆ ವರ್ಷ ಬಂದದ್ದು ಸುಮಾರು 30 ಲಕ್ಷ. ಅವರ ತೆರಿಗೆ ಸೊನ್ನೆ. ಬ್ಯಾಂಕಿನವರು ಸಾಲಕ್ಕೆ ರಿಟರ್ನ್ ಕೇಳಿದ್ದರಿಂದ ಬಂದವರು.

ಜಾಸ್ತಿ ಆದಾಯ ಇರುವವರು ಜಾಸ್ತಿ ದರದಲ್ಲಿ ತೆರಿಗೆ ಕಟ್ಟಬೇಕು ಅನ್ನುವುದು ನ್ಯಾಯವೋ ಅನ್ಯಾಯವೋ ಅಂತ ಇನ್ನೂರು ವರ್ಷದಿಂದ ಜಗಳ ನಡೆದಿದೆ. ನನ್ನ ಕೋಣೆಯಲ್ಲಿ ಆವತ್ತು ಆ ಜಗಳದ ಎರಡು ತುದಿಗಳೂ ಒಂದೊಂದು ಕುರ್ಚಿ ಹಿಡಿದು ಕೂತಿದ್ದವು.

ಮೊದಲು ಸ್ಲ್ಯಾಬ್ ಅಂದರೇನು ಅಂತ ಸರಿಯಾಗಿ ನೋಡೋಣ. ನನ್ನ ಹತ್ತಿರ ಬರುವವರಲ್ಲಿ ಅರ್ಧ ಜನ ಇದನ್ನು ತಪ್ಪು ತಿಳಿದಿರುತ್ತಾರೆ. "ಆದಾಯ 24 ಲಕ್ಷ ದಾಟಿದರೆ 30 ಪರ್ಸೆಂಟ್ ಹೋಗ್ತದೆ, ಅದಕ್ಕೆ ಬೋನಸ್ ಮುಂದಿನ ವರ್ಷಕ್ಕೆ ಹಾಕಲು ಹೇಳಿದ್ದೇನೆ" ಅನ್ನುವವರಿದ್ದಾರೆ. ಹಾಗಲ್ಲ. 30 ಪರ್ಸೆಂಟ್ ಬೀಳುವುದು 24 ಲಕ್ಷದ ಮೇಲಿನ ದುಡ್ಡಿಗೆ ಮಾತ್ರ. ಕೆಳಗಿನ ದುಡ್ಡು ಕೆಳಗಿನ ದರದಲ್ಲೇ ಇರುತ್ತದೆ.

ಮೆಟ್ಟಿಲು ಹೀಗಿದೆ. ಮೊದಲ 4 ಲಕ್ಷಕ್ಕೆ ಏನೂ ಇಲ್ಲ. 4ರಿಂದ 8ರವರೆಗೆ ನೂರಕ್ಕೆ 5. 8ರಿಂದ 12ಕ್ಕೆ 10. ಆಮೇಲೆ ನಾಲ್ಕು ನಾಲ್ಕು ಲಕ್ಷಕ್ಕೆ 15, 20, 25. ಮೂವತ್ತು ಶುರುವಾಗುವುದು 24 ಲಕ್ಷದ ಆಚೆ. ಕೂಡಿಸಿ ನೋಡಿದರೆ 24 ಲಕ್ಷದವರ ತೆರಿಗೆ 3 ಲಕ್ಷ, ಅಂದರೆ ಒಟ್ಟು ಆದಾಯದ ಮೇಲೆ ನೂರಕ್ಕೆ ಹನ್ನೆರಡೂವರೆ. ಆ ತೆರಿಗೆಯ ಮೇಲೆ ಇನ್ನು ನಾಲ್ಕು ಪರ್ಸೆಂಟ್ ಸೆಸ್. ಅವರಿಗೆ ಇನ್ನೊಂದು ಲಕ್ಷ ಬೋನಸ್ ಬಂದರೆ ಮೂವತ್ತು ಸಾವಿರ ಚಿಲ್ಲರೆ ಹೋಗುತ್ತದೆ, ಸುಮಾರು ಎಪ್ಪತ್ತು ಸಾವಿರ ಕೈಯಲ್ಲಿ ಉಳಿಯುತ್ತದೆ. ಬೋನಸ್ ಬೇಡ ಅನ್ನುವುದು ಸುಮ್ನೆ ನಷ್ಟ.

ಹಾಗಾದರೆ ಟೀಚರ್ ಲೆಕ್ಕ ಯಾಕೆ ಹಾಗಾಯಿತು? ಮೆಟ್ಟಿಲಿನ ಲೆಕ್ಕದಲ್ಲಿ 12 ಲಕ್ಷಕ್ಕೆ ನಿಜವಾಗಿ 60 ಸಾವಿರ ತೆರಿಗೆ ಬರುತ್ತದೆ. ಸರ್ಕಾರ ಅಷ್ಟನ್ನೂ ರಿಬೇಟ್ ಅಂತ ಮಾಫಿ ಮಾಡುತ್ತದೆ. ಆದಾಯ 12 ಲಕ್ಷ ದಾಟಿದ ತಕ್ಷಣ ಮಾಫಿ ಇಲ್ಲ. ಒಂದು ರೂಪಾಯಿ ಜಾಸ್ತಿಯಾದದ್ದಕ್ಕೆ 60 ಸಾವಿರ ಕಟ್ಟಿ ಅಂದರೆ ಜನ ಬಿಡುತ್ತಾರಾ? ಅದಕ್ಕೇ ಇನ್ನೊಂದು ನಿಯಮ ಇಟ್ಟಿದ್ದಾರೆ: 12 ಲಕ್ಷದ ಮೇಲೆ ಎಷ್ಟು ದುಡಿದಿರೋ ತೆರಿಗೆ ಅದಕ್ಕಿಂತ ಜಾಸ್ತಿ ಆಗಬಾರದು. ಹತ್ತು ಸಾವಿರ ದಾಟಿದರೆ ತೆರಿಗೆ ಹತ್ತು ಸಾವಿರ. ಅದರ ಮೇಲೆ ಸೆಸ್ 400.

ಕಾಗದದ ಮೇಲೆ ಇದು ರಿಯಾಯಿತಿ. ಆದರೆ ಇದರ ಅರ್ಥ ಏನು ಗೊತ್ತಾ? 12 ಲಕ್ಷದಿಂದ ಸುಮಾರು 12 ಲಕ್ಷದ 70 ಸಾವಿರದವರೆಗೆ ದುಡಿದ ಪ್ರತಿ ರೂಪಾಯಿಯೂ ಪೂರ್ತಿ ಸರ್ಕಾರಕ್ಕೆ. ಆ ತುಂಡಿನಲ್ಲಿ ದರ ನೂರಕ್ಕೆ 104. ಐದು ಕೋಟಿಗಿಂತ ಜಾಸ್ತಿ ದುಡಿಯುವ ದೊಡ್ಡ ಕುಳಕ್ಕೆ ಹೊಸ ಪದ್ಧತಿಯಲ್ಲಿ, ದೊಡ್ಡ ಆದಾಯದವರ ತೆರಿಗೆಯ ಮೇಲೆ ಹಾಕುವ ಹೆಚ್ಚುವರಿ ತೆರಿಗೆಯಾದ ಸರ್‌ಚಾರ್ಜ್, ಸೆಸ್ ಎಲ್ಲ ಸೇರಿ ಕೊನೆಯ ರೂಪಾಯಿಗೆ ಬೀಳುವುದು 39 ಪೈಸೆ. ಪೇಪರ್ ತಿದ್ದಿದ ಟೀಚರ್‌ಗೆ ಒಂದು ರೂಪಾಯಿ ನಾಲ್ಕು ಪೈಸೆ. ಇದು ಏರುದರದ ತೆರಿಗೆಯ ದೋಷ ಅಂತ ಟೀಚರ್ ಹೇಳಿದರು. ನನಗೆ ಹಾಗೆ ಅನ್ನಿಸುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿದ್ದರೆ ಈ ಗತಿ ಬರುತ್ತಿರಲಿಲ್ಲ. ಮಧ್ಯದಲ್ಲಿ ಒಂದು ಗೋಡೆ ಕಟ್ಟಿದ್ದರಿಂದ ಬಂತು. ಗೋಡೆ ಯಾಕೆ ಕಟ್ಟಿದರು ಅನ್ನುವುದು ರಾಜಕೀಯ, ಅದಕ್ಕೆ ಆಮೇಲೆ ಬರುತ್ತೇನೆ.

ಅಷ್ಟಕ್ಕೂ ದರ ಯಾಕೆ ಏರಬೇಕು? ಎಲ್ಲರಿಗೂ ನೂರಕ್ಕೆ ಹತ್ತು ಅಂತ ಇಟ್ಟುಬಿಟ್ಟರೆ ಜಾಸ್ತಿ ದುಡಿದವನು ಹೇಗೂ ಜಾಸ್ತಿ ಕಟ್ಟುತ್ತಾನೆ ಅಲ್ವಾ?

ನಮ್ಮ ಕಡೆಯವರಿಗೆ ಇದನ್ನು ಹೇಳಲು ನಾನು ಬ್ರಹ್ಮಕಲಶದ ಮೀಟಿಂಗನ್ನು ಉದಾಹರಣೆ ಕೊಡುತ್ತೇನೆ. ಊರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ದುಡ್ಡು ಬೇಕು. ಒಬ್ಬರು ಎದ್ದು "ಮನೆಗೆ ಐದು ಸಾವಿರ" ಅನ್ನುತ್ತಾರೆ. ಲೆಕ್ಕ ಸುಲಭ, ರಶೀದಿ ಬರೆಯುವುದೂ ಸುಲಭ. ಆದರೆ ಬೀಡಿ ಕಟ್ಟುವವರ ಮನೆಗೂ ಐದು ಸಾವಿರ, ನಾಲ್ಕು ಬೋಟಿನ ಯಜಮಾನರಿಗೂ ಐದು ಸಾವಿರ. ಬ್ರಿಟನ್‌ನಲ್ಲಿ ಮಾರ್ಗರೆಟ್ ಥ್ಯಾಚರ್ ಹೆಚ್ಚುಕಡಿಮೆ ಇಂಥದ್ದೇ ತಲೆಗಂದಾಯ ತಂದಿದ್ದರು. 1990ರಲ್ಲಿ ಲಂಡನ್ನಿನಲ್ಲಿ ಗಲಭೆ ಆಯಿತು. ಅದೇ ವರ್ಷದ ಕೊನೆಗೆ ಅವರು ಹುದ್ದೆ ಬಿಟ್ಟರು.

ಇನ್ನೊಬ್ಬರು "ಆದಾಯದಲ್ಲಿ ನೂರಕ್ಕೆ ಒಂದು" ಅನ್ನುತ್ತಾರೆ. ಇದು ಸರಿ ಕಾಣುತ್ತದೆ. ಮೂರನೆಯವರು, ಸಾಮಾನ್ಯವಾಗಿ ಮೂಲೆಯಲ್ಲಿ ಕೂತ ವಯಸ್ಸಾದವರು, "ಮನೆಯ ಅಕ್ಕಿ ಸಾಮಾನಿಗೆ ಬೇಕಾದದ್ದನ್ನು ಲೆಕ್ಕಕ್ಕೇ ಹಿಡಿಯಬೇಡಿ ಮಾರಾಯ್ರೆ, ಅದರ ಮೇಲಿನದ್ದರಲ್ಲಿ ಕೇಳಿ" ಅನ್ನುತ್ತಾರೆ.

ಈ ಮೂರನೆಯವರ ಮಾತಿನಲ್ಲೇ ಏರುದರದ ತೆರಿಗೆ ಹುಟ್ಟುತ್ತದೆ. ವರ್ಷಕ್ಕೆ 1.2 ಲಕ್ಷ ಆದಾಯದ ಮನೆಯಿಂದ ನೂರಕ್ಕೆ ಹತ್ತು ತೆಗೆದರೆ 12 ಸಾವಿರ. ಅದು ಮಕ್ಕಳ ಶಾಲೆಯ ಫೀಸು, ಅಮ್ಮನ ಮಾತ್ರೆ. ಕೋಟಿ ಆದಾಯದ ಮನೆಯಿಂದ ಹತ್ತು ಲಕ್ಷ ತೆಗೆದರೆ ತೊಂಬತ್ತು ಲಕ್ಷ ಉಳಿಯಿತು. ಊಟ ಬಿಡುವ ಪ್ರಶ್ನೆಯೇ ಇಲ್ಲ, ಹೊಸ ಕಾರು ಒಂದು ವರ್ಷ ಮುಂದೆ ಹೋದೀತು. ಶೇಕಡಾವಾರು ಒಂದೇ. ತ್ಯಾಗ ಒಂದೇ ಅಲ್ಲ. ಪಠ್ಯಪುಸ್ತಕಗಳಲ್ಲಿ ಇದಕ್ಕೆ 'ಪ್ರಗತಿಪರ ತೆರಿಗೆ' ಅಂತ ಹೆಸರು. ಹೆಸರಿನಲ್ಲೇ ಒಂದು ಪಕ್ಷ ಹಿಡಿದಂತೆ ಕೇಳುವುದರಿಂದ ನಾನು ಏರುದರದ ತೆರಿಗೆ ಅನ್ನುತ್ತೇನೆ.

ಇದು ಬರೇ ಎಡಪಂಥೀಯರ ಮಾತೂ ಅಲ್ಲ. ಮುಕ್ತ ಮಾರುಕಟ್ಟೆಯ ಪಿತಾಮಹ ಅಂತ ಕರೆಸಿಕೊಳ್ಳುವ ಆಡಮ್ ಸ್ಮಿತ್ 1776ರಲ್ಲೇ, ಶ್ರೀಮಂತರು ತಮ್ಮ ಆದಾಯದ ಪ್ರಮಾಣಕ್ಕಿಂತ ಸ್ವಲ್ಪ ಜಾಸ್ತಿಯೇ ಕೊಟ್ಟರೆ ತಪ್ಪೇನಿಲ್ಲ ಎಂಬ ಅರ್ಥದಲ್ಲಿ ಬರೆದಿದ್ದರು. ಉದಾರವಾದಿ ಜಾನ್ ಸ್ಟುವರ್ಟ್ ಮಿಲ್‌ಗೆ ಮಾತ್ರ ದರ ಏರುತ್ತಾ ಹೋಗುವುದು ಹಿಡಿಸಲಿಲ್ಲ. ಬದುಕಿಗೆ ಬೇಕಾದಷ್ಟನ್ನು ಬಿಟ್ಟು ಉಳಿದದ್ದಕ್ಕೆ ಒಂದೇ ದರ ಸಾಕು ಅಂತ ಅವರ ವಾದ. ಅದೇ ಮಿಲ್, ದುಡಿಯದೆ ಪಿತ್ರಾರ್ಜಿತವಾಗಿ ಬಂದ ಆಸ್ತಿಗೆ ಏರುದರ ಹಾಕಿ ಅಂದವರು. ಪಕ್ಷ ಕಟ್ಟಿಕೊಂಡು ಜಗಳಾಡುವವರಿಗೆ ಇಂಥ ವಿಷಯಗಳು ರುಚಿಸುವುದಿಲ್ಲ.

ಮಿಲ್ ಮಾತಿನಲ್ಲಿ ಒಂದು ಸ್ವಾರಸ್ಯ ಇದೆ. ಮೊದಲ 4 ಲಕ್ಷ ಬಿಟ್ಟು ಉಳಿದದ್ದಕ್ಕೆಲ್ಲ ನೂರಕ್ಕೆ 20 ಅಂತ ಒಂದೇ ದರ ಇಡಿ. 8 ಲಕ್ಷದವರು 80 ಸಾವಿರ ಕಟ್ಟುತ್ತಾರೆ, ಅಂದರೆ ಒಟ್ಟಿನ ಮೇಲೆ ನೂರಕ್ಕೆ 10. 40 ಲಕ್ಷದವರು 7.2 ಲಕ್ಷ, ನೂರಕ್ಕೆ 18. ದರ ಒಂದೇ ಆದರೂ ಭಾರ ಏರಿತು! ಹಾಗಾಗಿ 'ಒಂದೇ ದರ' ಮತ್ತು 'ಏರುದರ' ಅಂತ ಎರಡು ಶತ್ರು ಪಾಳಯಗಳು ನಿಜಕ್ಕೂ ಇಲ್ಲ. ಜಗಳ ಇರುವುದು ಏರು ಎಷ್ಟು ಕಡಿದಾಗಿರಬೇಕು ಅನ್ನುವುದರಲ್ಲಿ. ರಷ್ಯಾ 2001ರಲ್ಲಿ ಎಲ್ಲರಿಗೂ 13 ಪರ್ಸೆಂಟ್ ಅಂತ ಮಾಡಿ ಹೆಸರು ಮಾಡಿತ್ತು. 2021ರಲ್ಲಿ ಮೇಲಿನವರಿಗೆ 15 ಮಾಡಿದರು. 2025ರಿಂದ ಅಲ್ಲೂ ಐದು ಮೆಟ್ಟಿಲು, ತುದಿಯಲ್ಲಿ 22.

ವಿರೋಧಿಸುವವರ ವಾದವನ್ನೂ ಹಗುರ ಮಾಡಬಾರದು. ಕಂಕನಾಡಿ ಕಡೆಯ ಒಬ್ಬ ಸರ್ಜನ್ ನನ್ನ ಕ್ಲೈಂಟ್. ತೆರಿಗೆ ಹಾಕುವ ಆದಾಯ ಒಂದು ಕೋಟಿ. ಸರ್‌ಚಾರ್ಜ್, ಸೆಸ್ ಸೇರಿ ಅವರು ಕಟ್ಟುವುದು ಸುಮಾರು 29.5 ಲಕ್ಷ. ಅವರು ಒಮ್ಮೆ ಕೇಳಿದರು: "ದಿನದ ಮೊದಲ ಆಪರೇಷನ್‌ಗೆ ಕಡಿಮೆ ತೆರಿಗೆ, ರಾತ್ರಿ ಹತ್ತಕ್ಕೆ ನಿದ್ದೆಗೆಟ್ಟು ಮಾಡುವ ಕೊನೆಯದ್ದಕ್ಕೆ ಜಾಸ್ತಿ. ಸರ್ಕಾರ ನನಗೆ ಮನೆಗೆ ಹೋಗು ಅಂತ ಹೇಳ್ತಾ ಇದೆಯಾ?" ಬೆವರಿನ ಮೇಲೆ ಹಕ್ಕು ಯಾರದ್ದು ಅನ್ನುವ ಪ್ರಶ್ನೆ ಇದು. ಅರ್ಥಶಾಸ್ತ್ರಜ್ಞ ಹಯೆಕ್ ಇನ್ನೊಂದು ಕಡೆಯಿಂದ ಹಿಡಿದರು. ಬಹುಮತ ಇರುವವರು ತಾವು ಕಟ್ಟದ ದರವನ್ನು ಅಲ್ಪಸಂಖ್ಯೆಯ ಶ್ರೀಮಂತರ ಮೇಲೆ ಹೇರುವುದು ಯಾವ ಸಮಾನತೆ ಅಂತ.

ಸಮಾನತೆಗೆ ನಮ್ಮ ಸುಪ್ರೀಂ ಕೋರ್ಟ್ ಕೊಟ್ಟ ಒಂದು ಉತ್ತರ ಇದೆ, ಅದೂ ಪಕ್ಕದ ಕೇರಳದ ಪ್ರಕರಣದಲ್ಲಿ. ಅಲ್ಲಿ ಯಾವ ಜಮೀನಾದರೂ ಎಕರೆಗೆ 2 ರೂಪಾಯಿ ಅಂತ ಒಂದೇ ಭೂತೆರಿಗೆ ತಂದಿದ್ದರು. ಬೆಳೆ ಬರುವ ಗದ್ದೆಗೂ ಅಷ್ಟೇ, ಬರೀ ಕಾಡಿಗೂ ಅಷ್ಟೇ. ಮೂಪಿಲ್ ನಾಯರ್ ಪ್ರಕರಣ ಅಂತ ಹೆಸರಾದ 1961ರ ತೀರ್ಪಿನಲ್ಲಿ ಕೋರ್ಟ್ ಆ ಕಾನೂನನ್ನು ಹೊಡೆದುಹಾಕಿತು. ಸಮಾನರಲ್ಲದವರ ಮೇಲೆ ಒಂದೇ ಭಾರ ಹೊರಿಸುವುದೂ ತಾರತಮ್ಯವೇ ಅನ್ನುವುದು ಅದರ ತಿರುಳು. ಸಂವಿಧಾನದ 14ನೇ ವಿಧಿ 'ಎಲ್ಲರಿಗೂ ಒಂದೇ ದರ' ಅಂತ ಹೇಳುವುದಿಲ್ಲ. 38ನೇ ವಿಧಿ ಆದಾಯದ ಅಂತರ ಕಡಿಮೆ ಮಾಡಲು ಸರ್ಕಾರ ಪ್ರಯತ್ನಿಸಬೇಕು ಅಂತಲೇ ಹೇಳುತ್ತದೆ.

ತೆರಿಗೆಯ ಜಗಳ ನಮ್ಮ ಊರಿಗೇನೂ ಹೊಸದಲ್ಲ. ಬಾವುಟಗುಡ್ಡೆಗೆ ಆ ಹೆಸರು ಬಂದದ್ದೇ 1837ರಲ್ಲಿ ಅಮರ ಸುಳ್ಯದ ಕಡೆಯಿಂದ ಬಂದ ರೈತರು ಅಲ್ಲಿ ಬಾವುಟ ಹಾರಿಸಿದ್ದರಿಂದ ಅನ್ನುತ್ತಾರೆ. ಕಂದಾಯವನ್ನು ಬೆಳೆಯಲ್ಲಿ ಕೊಡುತ್ತಿದ್ದವರಿಗೆ ನಗದಿನಲ್ಲೇ ಕಟ್ಟಿ ಅಂದದ್ದು ಆ ಸಿಟ್ಟಿಗೆ ಒಂದು ಕಾರಣ. ಎಷ್ಟು ಕಟ್ಟಬೇಕು ಅನ್ನುವುದರ ಜೊತೆ ಕಟ್ಟುವ ಶಕ್ತಿ ಯಾವಾಗ, ಯಾವ ರೂಪದಲ್ಲಿ ಇರುತ್ತದೆ ಅನ್ನುವುದೂ ಮುಖ್ಯ ಅಂತ ಆ ರೈತರಿಗೆ ಗೊತ್ತಿತ್ತು. ಈ ದೇಶಕ್ಕೆ ಆದಾಯ ತೆರಿಗೆ ಬಂದದ್ದು ಅದಾದ ಮೇಲೆ, 1860ರಲ್ಲಿ. ಸಿಪಾಯಿ ದಂಗೆಯಿಂದ ಬರಿದಾದ ಖಜಾನೆ ತುಂಬಲು ಬ್ರಿಟಿಷ್ ಸರ್ಕಾರದ ಹಣಕಾಸು ನೋಡಿಕೊಳ್ಳುತ್ತಿದ್ದ ಜೇಮ್ಸ್ ವಿಲ್ಸನ್ ತಂದರು.

ಮೆಟ್ಟಿಲು ಜಾಸ್ತಿ ಕಡಿದಾದರೆ ಏನಾಗುತ್ತದೆ ಅಂತ ನಾವು ಒಮ್ಮೆ ನೋಡಿದ್ದೇವೆ. 1973-74ರ ಹೊತ್ತಿಗೆ 2 ಲಕ್ಷದ ಮೇಲಿನ ಆದಾಯಕ್ಕೆ ದರ 85, ಅದರ ಮೇಲೆ ಸರ್‌ಚಾರ್ಜ್ ಸೇರಿ 97.75 ಪರ್ಸೆಂಟ್. ನೂರು ರೂಪಾಯಿ ದುಡಿದರೆ ಉಳಿಯುವುದು ಎರಡೂಕಾಲು ರೂಪಾಯಿ. ಇದರ ಮೇಲೆ ಸಂಪತ್ತು ತೆರಿಗೆ ಬೇರೆ. ಪ್ರಾಮಾಣಿಕವಾಗಿ ಲೆಕ್ಕ ಕೊಟ್ಟರೆ ಕೈಯಿಂದಲೇ ಹಾಕಬೇಕಾದೀತು. ಜನ ಏನು ಮಾಡಿದರು? ಎರಡು ಲೆಕ್ಕ ಪುಸ್ತಕ ಇಟ್ಟರು. ನಂಬರ್ ಒನ್, ನಂಬರ್ ಟು. ಕಪ್ಪು ಹಣದ ಬಗ್ಗೆ ವರದಿ ಕೊಟ್ಟ ವಾಂಛೂ ಸಮಿತಿ 1971ರಲ್ಲೇ, ಇಷ್ಟು ದರ ಇಟ್ಟರೆ ಕಳ್ಳಲೆಕ್ಕ ಹೆಚ್ಚುತ್ತದೆ ಅಂತ ಹೇಳಿತ್ತು. 1974-75ರಲ್ಲಿ ಅದು 77ಕ್ಕೆ ಇಳಿಯಿತು, 1985ರಲ್ಲಿ ವಿ.ಪಿ. ಸಿಂಗ್ 50ಕ್ಕೆ ಇಳಿಸಿದರು, 1997ರಲ್ಲಿ ಚಿದಂಬರಂ 30ಕ್ಕೆ. ಇಳಿಸಿದ ಮೇಲೆ ವಸೂಲಿ ಏರಿದ್ದು ನಿಜ. ಇಳಿಸಿದ್ದರಿಂದಲೇ ಏರಿತು ಅನ್ನುವುದನ್ನು ಮಾತ್ರ ನಾನು ಪೂರ್ತಿ ಒಪ್ಪುವುದಿಲ್ಲ. ಅದೇ ವರ್ಷಗಳಲ್ಲಿ ದೇಶ ಬೆಳೆಯಿತು, ಪಾನ್ ಕಾರ್ಡ್ ಬಂತು, ದುಡ್ಡು ಕೊಡುವಾಗಲೇ ತೆರಿಗೆ ಹಿಡಿದುಕೊಳ್ಳುವ ಟಿಡಿಎಸ್ ಬಿಗಿಯಾಯಿತು, ಬ್ಯಾಂಕುಗಳೆಲ್ಲ ಕಂಪ್ಯೂಟರಿಗೆ ಬಂದವು. ಯಾವ ಔಷಧಿಗೆ ಜ್ವರ ಬಿಟ್ಟಿತು ಅಂತ ಹೇಳುವುದು ಕಷ್ಟ.

ಈಗ ಹಿಂದಿನ ಬೆಂಚಿಗೆ ಬರೋಣ. ಟೀಚರ್ ತಿರುಗಿ ಅಡಿಕೆಯವರನ್ನು ಕೇಳಿಯೇಬಿಟ್ಟರು. "ನಿಮಗೆ ಮೂವತ್ತು ಲಕ್ಷಕ್ಕೆ ಏನೂ ಇಲ್ವಾ?"

ಅವರು ಸ್ವಲ್ಪ ಸಂಕೋಚಪಟ್ಟರು. "ಟೀಚರ್, ನಿಮಗೆ ಒಂದನೇ ತಾರೀಕಿಗೆ ಸಂಬಳ ಬರ್ತದೆ. ನನ್ನದು ಹಾಗಲ್ಲ. ಈ ಮಳೆ ಹೀಗೇ ಹೊಡೆದ್ರೆ ಎರಡು ಸಲ ಮದ್ದು ಬಿಟ್ಟದ್ದೂ ತೊಳೆದು ಹೋಗ್ತದೆ. ಕೊಳೆರೋಗ ಬಂದ ವರ್ಷ ಮರದ ಬುಡದಲ್ಲಿ ಹಸಿ ಅಡಿಕೆ ಹೆಕ್ಕಿ ರಾಶಿ ಹಾಕಿದ್ದೇನೆ. ಈಗ ಎಲೆಚುಕ್ಕಿ ಬೇರೆ. ಮೂವತ್ತು ಲಕ್ಷ ಈ ವರ್ಷದ್ದು. ಹೋದ ವರ್ಷದ್ದು ಕೇಳ್ಬೇಡಿ."

ಅವರ ಮಾತು ಸುಳ್ಳಲ್ಲ. ಕೊಳೆರೋಗದ ಮದ್ದು ಬೋರ್ಡೋ ಸಿಂಪಡಿಸಲು ಮರ ಹತ್ತುವವರು ಸಿಗುವುದೇ ದೊಡ್ಡ ಪಾಡು ಅಂತ ತೋಟ ಇರುವವರಿಗೆಲ್ಲ ಗೊತ್ತು. ಏರಿಳಿತದ ಆದಾಯಕ್ಕೆ ವರ್ಷದ ಲೆಕ್ಕದ ತೆರಿಗೆ ಹೊಂದುವುದಿಲ್ಲ. ಆದರೆ ಅದಕ್ಕೆ ಉತ್ತರ ಮೂರು ವರ್ಷದ ಸರಾಸರಿ ಹಿಡಿಯುವುದು ಇರಬಹುದು, ನಷ್ಟವನ್ನು ಮುಂದಿನ ವರ್ಷಕ್ಕೆ ಕಳೆದುಕೊಳ್ಳಲು ಬಿಡುವುದು ಇರಬಹುದು. ಶಾಶ್ವತ ಸೊನ್ನೆ ಅದಕ್ಕೆ ಉತ್ತರ ಹೇಗಾಗುತ್ತದೆ? ಏರಿಳಿತ ಅಂದರೆ ಮಲ್ಪೆಯ ಬೋಟಿನವರಿಗೂ ಉಂಟು. ಮೀನು ಬೀಳದ ವರ್ಷ ಡೀಸೆಲ್ ದುಡ್ಡೂ ಹುಟ್ಟುವುದಿಲ್ಲ. ಆದರೂ ಲಾಭ ಬಂದ ವರ್ಷ ಅವರಿಗೆ ತೆರಿಗೆ ಉಂಟು.

ಕೃಷಿ ಆದಾಯಕ್ಕೆ ಯಾಕೆ ವಿನಾಯಿತಿ? 1860ರ ಕಾನೂನಿನಲ್ಲಿ ಈ ವಿನಾಯಿತಿ ಇರಲಿಲ್ಲ. 1886ರ ಕಾನೂನು ಕೊಟ್ಟಿತು. ಭೂಮಿಗೆ ಆಗಲೇ ಕಂದಾಯ ಕಟ್ಟುತ್ತಾರೆ, ಎರಡು ಸಲ ಯಾಕೆ ಅನ್ನುವುದು ಹಿನ್ನೆಲೆ. ಆಗ ತೀರ್ವೆ, ಅಂದರೆ ಈ ಭೂಕಂದಾಯ, ಅಂದರೆ ಸಾಕು ರೈತನ ಎದೆ ನಡುಗುತ್ತಿತ್ತು. ಈಗ ತೀರ್ವೆಯ ಮೊತ್ತ ಹೇಳಿಕೊಳ್ಳುವಂಥದ್ದೇ ಅಲ್ಲ. ತೀರ್ವೆ ಸವೆದುಹೋಯಿತು, ವಿನಾಯಿತಿ ಉಳಿಯಿತು. ಸಂವಿಧಾನದ ಪ್ರಕಾರ ಕೃಷಿ ಆದಾಯಕ್ಕೆ ತೆರಿಗೆ ಹಾಕುವ ಹಕ್ಕು ರಾಜ್ಯಗಳದ್ದು, ಕೇಂದ್ರದ್ದಲ್ಲ. ನಮ್ಮಲ್ಲಿ 1957ರಲ್ಲೇ ಕೃಷಿ ಆದಾಯ ತೆರಿಗೆ ಕಾಯ್ದೆ ಬಂದಿತ್ತು. ನನ್ನ ಆಫೀಸಿಗೆ ಬರುವ ಅಡಿಕೆಯವರಲ್ಲಿ ಅದನ್ನು ಕಟ್ಟಿದವರನ್ನು ನಾನಂತೂ ಕಂಡಿಲ್ಲ. ಯಾವ ಪಕ್ಷದ ಶಾಸಕರಿಗೂ ಈ ಜೇನುಗೂಡಿಗೆ ಕೈ ಹಾಕುವ ಧೈರ್ಯ ಇಲ್ಲ. ಸಣ್ಣ ರೈತರ ಹೆಸರಿನಲ್ಲಿ ದೊಡ್ಡವರೂ ಅದರೊಳಗೆ ಬೆಚ್ಚಗಿದ್ದಾರೆ.

ಹಾಗಂತ ಕೇಂದ್ರ ಸುಮ್ಮನೆ ಕೂತಿಲ್ಲ. ಕೆ.ಎನ್. ರಾಜ್ ಸಮಿತಿ 1972ರಲ್ಲಿ ಒಂದು ಉಪಾಯ ಹೇಳಿತು, 1973ರಿಂದ ಅದು ಜಾರಿಯಲ್ಲಿದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಆದರೆ ನಿಮ್ಮ ಬೇರೆ ಆದಾಯವನ್ನು ಅದರ ಮೇಲೆ ಕೂರಿಸಿ ದರ ಲೆಕ್ಕ ಹಾಕುತ್ತಾರೆ. ಉದಾಹರಣೆಗೆ ತೋಟವೂ ಇರುವ ಒಬ್ಬ ಬ್ಯಾಂಕ್ ಮ್ಯಾನೇಜರ್. ಡಿಡಕ್ಷನ್ ಕಳೆದು ಸಂಬಳ 14 ಲಕ್ಷ, ಅಡಿಕೆಯಿಂದ 20 ಲಕ್ಷ. ಬರೀ ಸಂಬಳ ಆಗಿದ್ದರೆ ತೆರಿಗೆ 90 ಸಾವಿರ. ಅಡಿಕೆ ಕೆಳಗೆ ನಿಂತು ಸಂಬಳವನ್ನು ಮೇಲಿನ ಮೆಟ್ಟಿಲಿಗೆ ಎತ್ತುವುದರಿಂದ 3 ಲಕ್ಷ. ಇದು ಗೊತ್ತಿಲ್ಲದೆ "ಕೃಷಿಯದ್ದು ತೋರಿಸುವುದೇ ಬೇಡ ಅಲ್ವಾ ಸರ್" ಅನ್ನುವವರು ಪ್ರತಿ ವರ್ಷ ಬರುತ್ತಾರೆ. ತೋರಿಸಲೇಬೇಕು. ಬರೀ ಕೃಷಿ ಆದಾಯ ಇರುವವರಿಗೆ ಮಾತ್ರ ಈ ಉಪಾಯ ಮುಟ್ಟುವುದಿಲ್ಲ. ಮೇಲೆ ಕೂರಿಸಲು ಏನೂ ಇಲ್ಲವಲ್ಲ.

ಪಕ್ಕದ ದಾರಿ ಇರುವುದು ತೋಟದವರಿಗೆ ಮಾತ್ರ ಅಂದುಕೊಳ್ಳಬೇಡಿ. ಆ ಸರ್ಜನ್ ಒಂದು ಕೋಟಿಗೆ 29.5 ಲಕ್ಷ ಕಟ್ಟಿದರು. ಶೇರುಪೇಟೆಯಲ್ಲಿ ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡ ಶೇರು ಮಾರಿ ಅದೇ ಒಂದು ಕೋಟಿ ಲಾಭ ಮಾಡಿದವರಿಗೆ ದರ ಹನ್ನೆರಡೂವರೆ ಮಾತ್ರ. 2024ರ ಜುಲೈ 23ರ ಮೊದಲು ಅದೂ ಹತ್ತೇ ಇತ್ತು. ಎಲ್ಲ ಸೇರಿಸಿದರೂ ಸರ್ಜನ್ ಕಟ್ಟಿದ್ದರ ಅರ್ಧಕ್ಕೂ ಕಡಿಮೆ. ಕಂಪನಿ ತನ್ನ ಲಾಭಕ್ಕೆ ಆಗಲೇ ತೆರಿಗೆ ಕಟ್ಟಿದೆ, ಶೇರಿನಲ್ಲಿ ದುಡ್ಡು ಮುಳುಗುವ ಭಯ ಇದೆ, ಬೆಲೆ ಏರಿಕೆಯೂ ಲಾಭದಂತೆ ಕಾಣುತ್ತದೆ ಅಂತ ಸಮರ್ಥನೆ ಕೊಡುತ್ತಾರೆ. ಅದರಲ್ಲಿ ಸತ್ಯ ಇದೆ. ಆದರೆ ಆಪರೇಷನ್ ಥಿಯೇಟರಿನಲ್ಲಿ ನಿಂತು ದುಡಿದದ್ದಕ್ಕೆ ಏರುದರ, ಕೂತಲ್ಲೇ ಬಂದದ್ದಕ್ಕೆ ಸಮದರ ಅನ್ನುವುದನ್ನು ನನ್ನ ಮನಸ್ಸು ಪೂರ್ತಿ ಒಪ್ಪುವುದಿಲ್ಲ. ಸಂಪತ್ತಿನ ಮೇಲಿನ ತೆರಿಗೆ 2015ರಲ್ಲಿ ಹೋಯಿತು. ಸತ್ತವರ ಆಸ್ತಿಗೆ ಇದ್ದ ಎಸ್ಟೇಟ್ ಡ್ಯೂಟಿ 1985ರಲ್ಲೇ ಹೋಗಿತ್ತು. 2024ರ ಚುನಾವಣೆಯ ಹೊತ್ತಿಗೆ ಪಿತ್ರಾರ್ಜಿತ ತೆರಿಗೆಯ ಮಾತು ಸುಮ್ನೆ ಒಮ್ಮೆ ಬಂದದ್ದಕ್ಕೆ ಎಷ್ಟು ಗಲಾಟೆ ಆಯಿತು ನೆನಪಿದೆಯಲ್ಲ. ಮಾತು ಬಂದ ಪಕ್ಷವೇ ಓಡಿಹೋಗಿ ಕೈ ತೊಳೆದುಕೊಂಡಿತು.

ಗಲ್ಫಿನ ವಿಷಯ ತೆಗೆದರೆ ನಮ್ಮ ಊರಿನ ಅರ್ಧ ಮನೆಗಳಲ್ಲಿ ಜಗಳ ಆದೀತು. ದುಬೈಯಲ್ಲಿ ಸಂಬಳಕ್ಕೆ ತೆರಿಗೆ ಇಲ್ಲ, ಅನಿವಾಸಿಯಾಗಿದ್ದರೆ ಆ ಸಂಬಳಕ್ಕೆ ಇಲ್ಲೂ ಇಲ್ಲ. ಅಷ್ಟಕ್ಕೇ ಬಿಡುತ್ತೇನೆ.

"ನಾವು ಸಂಬಳದವರು ಮಾತ್ರ ತೆರಿಗೆ ಕಟ್ಟುವುದು, ಉಳಿದವರೆಲ್ಲ ಪುಕ್ಕಟೆ" ಅನ್ನುವ ಮಾತಿಗೂ ಒಂದು ಉತ್ತರ ಬೇಕು. 140 ಕೋಟಿ ಜನರ ದೇಶದಲ್ಲಿ 2024ರ ಜುಲೈ 31ರ ಗಡುವಿಗೆ ರಿಟರ್ನ್ ಸಲ್ಲಿಕೆಯಾದದ್ದು 7.28 ಕೋಟಿ. ಅದರಲ್ಲೂ ಬಹಳಷ್ಟು ಸೊನ್ನೆಯವು. ಹಾಗಾಗಿ ಸಿಟ್ಟು ಅರ್ಥವಾಗುತ್ತದೆ. ಆದರೆ ನಮ್ಮ ಮನೆ ಕೆಲಸಕ್ಕೆ ಬರುವ ಅಕ್ಕನನ್ನು ನೋಡಿ. ಉಳ್ಳಾಲದವರು, ಮಧ್ಯಾಹ್ನದ ಮೇಲೆ ಬೀಡಿ ಕಟ್ಟುತ್ತಾರೆ. ಜನ್ಮದಲ್ಲಿ ರಿಟರ್ನ್ ಕಂಡವರಲ್ಲ. ಮೊಬೈಲಿಗೆ 299ರ ರೀಚಾರ್ಜ್ ಹಾಕಿಸಿದಾಗ ಅದರಲ್ಲಿ 45 ರೂಪಾಯಿ ಚಿಲ್ಲರೆ ಜಿಎಸ್‌ಟಿ. ಸರ್ಜನ್ ಅದೇ ರೀಚಾರ್ಜ್ ಹಾಕಿಸಿದರೂ 45 ರೂಪಾಯಿ ಚಿಲ್ಲರೆ. ಈ 45 ಅಕ್ಕನ ಆದಾಯದಲ್ಲಿ ಕಾಣುವ ತುಂಡು, ಸರ್ಜನ್ ಆದಾಯದಲ್ಲಿ ಭೂತಗನ್ನಡಿ ಹಿಡಿದರೂ ಕಾಣದು. 2025ರ ಸೆಪ್ಟೆಂಬರ್ 22ರಿಂದ ಸೋಪು, ಟೂತ್‌ಪೇಸ್ಟಿಗೆಲ್ಲ 18ರಿಂದ 5ಕ್ಕೆ ಇಳಿಸಿದ್ದರಿಂದ ಸ್ವಲ್ಪ ಹಗುರಾಗಿದೆ. ಆದರೂ ಸಾಮಾನಿನ ಮೇಲಿನ ತೆರಿಗೆಗೆ ಕೊಳ್ಳುವವರ ಕಿಸೆ ಕಾಣುವುದಿಲ್ಲ. ಕಿಸೆ ಸಣ್ಣದಾದಷ್ಟೂ ಭಾರವಾಗುವ ಈ ತೆರಿಗೆಯನ್ನು ಸರಿದೂಗಿಸಲು ಏರುದರದ ಆದಾಯ ತೆರಿಗೆ ಬೇಕು ಅನ್ನುವುದು ನನಗೆ ಕಾಣುವ ಅತಿ ಗಟ್ಟಿ ವಾದ. ಎರಡನ್ನೂ ಒಟ್ಟಿಗೆ ತೂಗಬೇಕು. ಚುನಾವಣೆಯ ಭಾಷಣದಲ್ಲಿ ಯಾವಾಗಲೂ ಒಂದು ತಟ್ಟೆ ಮಾತ್ರ ತೋರಿಸುತ್ತಾರೆ.

ಇನ್ನು ಆ ಗೋಡೆಯ ರಾಜಕೀಯ. ನಮ್ಮಲ್ಲಿ ದರ ಎಷ್ಟಿರಬೇಕು ಅಂತ ಪಕ್ಷಗಳು ಹೆಚ್ಚು ಚರ್ಚಿಸುವುದಿಲ್ಲ. ಪೈಪೋಟಿ ಇರುವುದು 'ಇಷ್ಟು ಲಕ್ಷದವರೆಗೆ ಸೊನ್ನೆ' ಅನ್ನುವ ಘೋಷಣೆಯಲ್ಲಿ. 2019ರಲ್ಲಿ 5 ಲಕ್ಷ, 2023ರಲ್ಲಿ 7, 2025ರಲ್ಲಿ 12. ಮೆಟ್ಟಿಲಿನ ದರಗಳನ್ನೇ ನಿಧಾನಕ್ಕೆ ಇಳಿಸಿದರೆ ಹೆಡ್‌ಲೈನ್ ಆಗುವುದಿಲ್ಲ. ಅದನ್ನೂ ಸ್ವಲ್ಪ ಮಾಡಿದ್ದಾರೆ, ಯಾರಿಗೂ ನೆನಪಿಲ್ಲ. ಎಲ್ಲರಿಗೂ ನೆನಪಿರುವುದು 12. ರಿಬೇಟ್ ಕೊಟ್ಟು ಸೊನ್ನೆ ಮಾಡಿದರೆ ಮೇಲಿನವರಿಗೆ ಆ ಲಾಭ ಕೊಡಬೇಕಾಗಿಲ್ಲ, ಖಜಾನೆಗೂ ಅಗ್ಗ. ಆ ಅಗ್ಗದ ಬೆಲೆಯನ್ನು ಗೋಡೆಗೆ ತಾಗಿ ನಿಂತ ಟೀಚರ್‌ನಂಥವರು ಕೊಡುತ್ತಾರೆ. ಇನ್ನೊಂದು ಕಡೆಯಿಂದ ನೋಡಿದರೆ, ದೇಶದ ತಲಾ ಆದಾಯ ಎರಡು ಲಕ್ಷದ ಆಸುಪಾಸು ಇರುವಾಗ ಅದರ ಆರು ಪಟ್ಟು ದುಡಿಯುವವರಿಗೆ ಸೊನ್ನೆ ಅಂದರೆ ಅದು ಯಾವ ಮಧ್ಯಮ ವರ್ಗ? ಇದನ್ನು ಟೀಚರ್‌ಗೂ ಹೇಳಿದೆ. ಅವರಿಗೆ ಇಷ್ಟವಾಗಲಿಲ್ಲ.

ಕರ್ನಾಟಕದವರು ಗಮನಿಸಬೇಕಾದ ಇನ್ನೊಂದು ಸಂಗತಿ. ಶ್ರೀಮಂತರ ಮೇಲಿನ ಭಾರವನ್ನು ಕೇಂದ್ರ ಹೆಚ್ಚಿಸಿದ್ದು ಮುಖ್ಯವಾಗಿ ಸರ್‌ಚಾರ್ಜ್ ಮೂಲಕ. ಸರ್‌ಚಾರ್ಜು, ಸೆಸ್ಸು ರಾಜ್ಯಗಳಿಗೆ ಹಂಚುವ ರಾಶಿಗೆ ಸೇರುವುದಿಲ್ಲ. ಆ ಸರ್ಜನ್ ಕಟ್ಟಿದ ಹೆಚ್ಚುವರಿ ದುಡ್ಡು ಪೂರ್ತಿ ದೆಹಲಿಯದ್ದು. ಹಂಚುವ ರಾಶಿಯಲ್ಲೂ ನಮ್ಮ ಪಾಲನ್ನು 15ನೇ ಹಣಕಾಸು ಆಯೋಗ 4.713 ಪರ್ಸೆಂಟಿನಿಂದ 3.647ಕ್ಕೆ ಇಳಿಸಿತ್ತು. 2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರವೇ ಜಂತರ್ ಮಂತರ್‌ಗೆ ಹೋಗಿ ಕೂತಿತು. ತಮಾಷೆ ಅಂದರೆ, ದುಡಿಯುವ ರಾಜ್ಯ ಜಾಸ್ತಿ ಕೊಡಬೇಕಾ ಅನ್ನುವ ಆ ಪ್ರಶ್ನೆ ದುಡಿಯುವ ಸರ್ಜನ್ ಕೇಳುವ ಪ್ರಶ್ನೆಯೇ. ವೈಯಕ್ತಿಕ ತೆರಿಗೆಯಲ್ಲಿ ಏರುದರ ಸರಿ ಅನ್ನುವವರು ರಾಜ್ಯಗಳ ಲೆಕ್ಕ ಬಂದಾಗ ಸರ್ಜನ್ ಪಕ್ಷಕ್ಕೆ ಹಾರುತ್ತಾರೆ. ನಾನೂ ಒಮ್ಮೊಮ್ಮೆ ಹಾರಿದ್ದೇನೆ.

ನನ್ನನ್ನು ಕೇಳಿದರೆ ಮೆಟ್ಟಿಲಿನ ಬಗ್ಗೆ ನನಗೆ ತಕರಾರಿಲ್ಲ, 30ರ ಬದಲು 35 ಮಾಡಿದರೂ ಇಲ್ಲ. ತಕರಾರು ಇರುವುದು ಸಂಬಳದವರು, ಸ್ವಂತ ವೃತ್ತಿಯವರು ಮಾತ್ರ ಅದನ್ನು ಹತ್ತಬೇಕಾಗಿರುವುದರ ಬಗ್ಗೆ. ಒಂದೇ ಆದಾಯದ ನಾಲ್ಕು ಜನ ನಾಲ್ಕು ಥರ ಕಟ್ಟುತ್ತಿದ್ದರೆ, ಮೇಲಿನವನು ಕೆಳಗಿನವನಿಗಿಂತ ಎಷ್ಟು ಜಾಸ್ತಿ ಕಟ್ಟಬೇಕು ಅನ್ನುವ ಚರ್ಚೆಗೆ ನೆಲೆಯೇ ಇರುವುದಿಲ್ಲ.

ಟೀಚರ್ ಕೊನೆಗೆ ಕಾರ್ಡ್ ತೆಗೆದರು. ತೆರಿಗೆಯ ಮೊತ್ತ ಹತ್ತು ಸಾವಿರ ದಾಟಿದ್ದರಿಂದ ಮುಂಗಡ ತೆರಿಗೆ ಕಟ್ಟಿಲ್ಲ ಅಂತ ಸ್ವಲ್ಪ ಬಡ್ಡಿಯೂ ಸೇರಿತ್ತು. ಅದನ್ನು ಹೇಳಲು ನನಗೇ ನಾಚಿಕೆಯಾಯಿತು. ಚಲನ್ ಪ್ರಿಂಟ್ ಆಗುವಾಗ ಅಡಿಕೆಯವರು ಬೆಂಚಿನಿಂದ ಮುಂದೆ ಬಗ್ಗಿ ಕೇಳಿದರು, "ಮುಂದಿನ ಸಲ ಪೇಪರ್ ತಿದ್ದಲಿಕ್ಕೆ ಹೋಗ್ತೀರಾ ಟೀಚರ್?"

"ಹೋಗದೆ ಎಂತ ಮಾಡುವುದು? ಕಡ್ಡಾಯ ಡ್ಯೂಟಿ ಅಲ್ವಾ" ಅಂದರು ಅವರು. ಒಂದು ಇನ್‌ಕ್ರಿಮೆಂಟ್ ಬರಲಿ, 12 ಲಕ್ಷದ 70 ಸಾವಿರ ದಾಟಿದರೆ ಆಚೆಗಿನ ರೂಪಾಯಿಗೆ ಹದಿನೈದೇ ಪರ್ಸೆಂಟ್ ಅಂತ ನಾನು ಸಮಾಧಾನ ಹೇಳಿದೆ. ಅವರು ಚಲನ್ ಮಡಚಿ ಬ್ಯಾಗಿಗೆ ಹಾಕಿಕೊಂಡು, ಐದಾರು ಕಪ್ಪು ಕೊಡೆಗಳಲ್ಲಿ ತಮ್ಮದು ಯಾವುದು ಅಂತ ಹುಡುಕತೊಡಗಿದರು.